ನಮ್ಮ ಭಾವನ ಬೀಳುವ ಉದ್ಯೋಗ

ಲೋಕದಲ್ಲಿ ಜನ ಏನೇನೋ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಾರೆ. ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ಬಿದ್ದು ಹೊಟ್ಟೆ ಹೊರೆದವರು. ತಮಾಷೆಗೆ ಹೇಳುತ್ತಿಲ್ಲ. ಹನ್ನೆರಡು ವರ್ಷ ಅವರ ಕೆಲಸವೇ ಅದಾಗಿತ್ತು. ಬೆಳಿಗ್ಗೆ ಯಂತ್ರಗಳು ಶುರುವಾಗುವ ಮೊದಲೇ ಲಾಂಡ್ರಿಗೆ ಬರುವುದು, ನೆಲದ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡುವುದು, ಎಲ್ಲಿ ಜಾರುತ್ತದೋ ಅಲ್ಲಿ ಬೀಳುವುದು, ಎದ್ದು ಜೇಬಿನಿಂದ ಚಾಕ್‌ಪೀಸು ತೆಗೆದು ಅಲ್ಲೊಂದು ಸುತ್ತು ಬರೆಯುವುದು. ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ. ಎಲ್ಲರ ಬಾಯಲ್ಲೂ ಅವರು ದೊಪ್ಪಣ್ಣ. ದೊಪ್ಪನೆ ಬೀಳುತ್ತಾರಲ್ಲ, ಅದಕ್ಕೆ.

ನಮ್ಮದು ಸಣ್ಣಪುಟ್ಟ ಲಾಂಡ್ರಿಯಲ್ಲ. ಮೂರು ಆಸ್ಪತ್ರೆಗಳ ಹಾಸಿಗೆ ಬಟ್ಟೆ, ಎಂಟು ಹೋಟೆಲುಗಳ ಟವೆಲ್ಲು, ಮೇಜಿನ ಬಟ್ಟೆ ಎಲ್ಲ ಇಲ್ಲಿಗೇ ಬರುತ್ತವೆ. ಒಗೆಯುವ ಯಂತ್ರ ಆರು, ಹಿಂಡುವ ಯಂತ್ರ ಎರಡು, ಅದರಾಚೆ ಇಸ್ತ್ರಿ ಮಾಡುವ ದೊಡ್ಡ ರೋಲರು, ಅದರಾಚೆ ಮಡಚುವ ಮೇಜುಗಳು. ಆ ಮೇಜುಗಳ ಪೈಕಿ ಎರಡನೆಯದರ ಮುಂದೆ ನಾನು ಇಪ್ಪತ್ತು ವರ್ಷದಿಂದ ನಿಂತಿದ್ದೇನೆ. ಇಲ್ಲಿ ನೆಲ ಅಂದರೆ ಯಾವಾಗಲೂ ಅರ್ಧ ನೀರು, ಅರ್ಧ ಸೋಪು. ಒದ್ದೆ ಬೆಡ್‌ಶೀಟಿನ ಅಂಚು ಟ್ರಾಲಿಯಿಂದ ಇಳಿಬಿದ್ದು ಕಾಲಿಗೆ ಸುತ್ತಿಕೊಳ್ಳುತ್ತದೆ. ಮೋರಿಯ ಮೇಲಿನ ಕಬ್ಬಿಣದ ಜಾಲರಿ ಒಂದು ಕಡೆ ಒಂದು ಬೆರಳಿನಷ್ಟು ಎದ್ದು ನಿಂತು ಕಾಲ್ಬೆರಳಿಗಾಗಿ ಕಾಯುತ್ತಿರುತ್ತದೆ. ಇಂಥ ಕಡೆ ಮನುಷ್ಯರು ನೆಟ್ಟಗೆ ನಿಂತಿರುವುದೇ ಹೆಚ್ಚು.

ಭಾವ ಇಲ್ಲಿಗೆ ಸೇರಿದ ಮೊದಲ ದಿನವೇ ಬಿದ್ದರಂತೆ. ಕೆಲಸ ಕೊಟ್ಟವರಿಗೆ ಕೈಮುಗಿಯಲು ಹೋಗಿ ಅವರ ಕಾಲ ಬುಡದಲ್ಲೇ ಬಿದ್ದರು. ಎಂಥ ವಿನಯವಂತ ಅಂತ ಅವರು ಸಂತೋಷಪಟ್ಟರಂತೆ. ಆಮೇಲೆ ನೀರಲ್ಲಿ ಜಾರಿ ಬಿದ್ದರು, ಸೋಪಲ್ಲಿ ಜಾರಿ ಬಿದ್ದರು, ಇಸ್ತ್ರಿ ವೈರಿಗೆ ಎಡವಿ ಬಿದ್ದರು, ಬಲ್ಬು ಹೋದ ಮೆಟ್ಟಿಲಲ್ಲಿ ಇಲ್ಲದ ಮೆಟ್ಟಿಲು ಹುಡುಕಿ ಬಿದ್ದರು. ಅಕ್ಕನ ಟ್ರಾಲಿಯೊಳಗೂ ಒಮ್ಮೆ ಬಿದ್ದರು.

ಆ ಕಥೆ ನಮ್ಮ ಮನೆಯಲ್ಲಿ ನೂರು ಸಲ ಆಗಿದೆ. ಆಗ ಅಕ್ಕ ಒದ್ದೆ ಬಟ್ಟೆಯ ಟ್ರಾಲಿ ತಳ್ಳುತ್ತಿದ್ದಳು. ಯಂತ್ರಗಳ ಗಲಾಟೆ ತಡೆಯಲಾರದೆ ಕಿವಿಗೆ ಹತ್ತಿ ತುರುಕಿಕೊಂಡು, ತಲೆ ತಗ್ಗಿಸಿ ತಳ್ಳಲು ಶುರು ಮಾಡಿದರೆ ಪಕ್ಕದಲ್ಲಿ ಛಾವಣಿ ಕುಸಿದರೂ ತಿರುಗಿ ನೋಡುವವಳಲ್ಲ. ಒಂದು ದಿನ ಭಾವ ಎದುರಿನಿಂದ ಬಂದವರು ಕಾಲು ಜಾರಿ ನೇರ ಆ ಟ್ರಾಲಿಯೊಳಗೆ, ಬೆಡ್‌ಶೀಟುಗಳ ಮಧ್ಯೆ, ಮಲಗಿದ ಭಂಗಿಯಲ್ಲಿ ಬಿದ್ದರು. ಅಕ್ಕ ಮಡಚುವ ಮೇಜಿನವರೆಗೂ ತಳ್ಳಿಕೊಂಡು ಹೋಗಿ, “ಇವತ್ತು ಬಟ್ಟೆ ಸರಿಯಾಗಿ ಹಿಂಡಿಲ್ಲ, ಭಾರ ಜಾಸ್ತಿ ಇದೆ” ಅಂತ ದೂರಿದಳಂತೆ. ಆಮೇಲೆ ಬೆಡ್‌ಶೀಟು ಎತ್ತಿದರೆ ಒಳಗೆ ಒಬ್ಬ ಗಂಡಸು. ನಾಲ್ಕು ತಿಂಗಳಲ್ಲಿ ಮದುವೆಯೂ ಆಯಿತು, ಅಕ್ಕ ಲಾಂಡ್ರಿ ಬಿಟ್ಟಳು. “ನಾನೇನು ಹುಡುಕ್ಕೊಂಡು ಹೋಗ್ಲಿಲ್ಲಮ್ಮ, ಮೇಲಿಂದ ಬಂದು ಬಿತ್ತು” ಅಂತ ಅಕ್ಕ ಈಗಲೂ ಹೇಳುತ್ತಾಳೆ.

ಬೀಳುವುದು ಉದ್ಯೋಗವಾದದ್ದು ಹೇಗೆಂದು ಹೇಳಬೇಕು. ಹನ್ನೆರಡು ವರ್ಷದ ಹಿಂದೆ ಒಂದು ಕೆಟ್ಟ ವರ್ಷ ಬಂತು. ಒಬ್ಬಳ ಕಾಲು ಮುರಿಯಿತು, ಒಬ್ಬನ ಮುಂಗೈ ಮುರಿಯಿತು, ರೋಲರಿನವಳಿಗೆ ಮುಂದಿನ ಎರಡು ಹಲ್ಲು ಹೋದವು. ಆಗಷ್ಟೇ ಬಂದಿದ್ದ ಮ್ಯಾನೇಜರ್ ಮೇಡಂ ಗೋಡೆ ತುಂಬ ಎಚ್ಚರಿಕೆಯ ಬೋರ್ಡು ಹಾಕಿಸಿದರು. ಯಾರೂ ಓದಲಿಲ್ಲ. ನೆಲದ ಮೇಲೆ ಹಳದಿ ಬೋರ್ಡು ಇಡಿಸಿದರು. ಭಾವ ಆ ಹಳದಿ ಬೋರ್ಡಿಗೇ ಎಡವಿ ಬಿದ್ದರು. ಮೇಡಂಗೆ ರೇಗಿ ಹೋಗಿ, ಈ ಮನುಷ್ಯ ಇದುವರೆಗೆ ಎಷ್ಟು ಸಲ ಬಿದ್ದಿದ್ದಾನೆ ನೋಡೋಣ ಅಂತ ಅಪಘಾತದ ಪುಸ್ತಕ ತೆಗೆದು ಕೂತರು. ಎದ್ದಾಗ ಅವರ ಮುಖವೇ ಬೇರೆಯಾಗಿತ್ತು. ಯಾವ ಜಾಗದಲ್ಲಿ ಭಾವ ಬಿದ್ದಿದ್ದರೋ ಅದೇ ಜಾಗದಲ್ಲಿ ಒಂದು ವಾರದೊಳಗೆ ಇನ್ನೊಬ್ಬರು ಬಿದ್ದಿದ್ದರು. ಒಂದು ಸಲವೂ ತಪ್ಪಿರಲಿಲ್ಲ.

“ಇವರು ಬೀಳೋ ಜಾಗ ಅವತ್ತೇ ಸರಿ ಮಾಡಿದ್ರೆ ಬೇರೆ ಯಾರೂ ಬೀಳಲ್ಲ” ಅಂದರು ಮೇಡಂ. ಮಾರನೆಯ ದಿನದಿಂದ ಭಾವನಿಗೆ ಹೊಸ ಕೆಲಸ, ಒಂದು ಡಬ್ಬಿ ಚಾಕ್‌ಪೀಸು.

ಕೆಲಸದ ಪದ್ಧತಿ ಬೇಗ ಕುದುರಿತು. ಬೆಳಿಗ್ಗೆ ಭಾವ ಒಳಗೆ ನಡೆಯುತ್ತಾರೆ. ನೆಲ ಒರೆಸುವ ಸಾವಕಾಶಣ್ಣ ಹೊರಗೆ ಬೆಂಚಿನ ಮೇಲೆ ಚಹಾ ಕುಡಿಯುತ್ತ, ಕಿವಿಯೊಂದನ್ನು ಒಳಗಡೆ ಬಿಟ್ಟು ಕೂತಿರುತ್ತಾನೆ. ಯಾವ ಕೆಲಸ ಹೇಳಿದರೂ “ಸಾವಕಾಶವಾಗಿ ಮಾಡೋಣ” ಅನ್ನುತ್ತಾನೆಂದು ಅವನಿಗೆ ಆ ಹೆಸರು. ಒಳಗಿಂದ ‘ದೊಪ್’ ಅಂತ ಕೇಳಿದರೆ ಮಾತ್ರ ಅವನು ಬಕೆಟ್ ಹಿಡಿದು ಏಳುತ್ತಿದ್ದ. ಒಂದು ದೊಪ್ ಅಂದರೆ ಒಂದು ಬಕೆಟ್. ಒಂದೇ ಜಾಗದಲ್ಲಿ ಎರಡು ದಿನ ದೊಪ್ ಅಂದರೆ ರಿಪೇರಿಯವನಿಗೆ ಫೋನು. ಇದಕ್ಕೆ ಬೇರೆ ನಿಯಮ, ಕಾಗದ, ಸಹಿ ಏನೂ ಇರಲಿಲ್ಲ. ಎಲ್ಲರೂ ಕೇಳಿಸಿಕೊಂಡು ಕೆಲಸ ಮಾಡುತ್ತಿದ್ದೆವು.

ಒಳಬಾಗಿಲ ಎದುರಿಗೆ ಮೇಡಂ ಮೂರು ವರ್ಷದ ಕೆಳಗೆ ಒಂದು ದೊಡ್ಡ ಹಲಗೆ ಹಾಕಿಸಿದ್ದರು. ಅದರ ಮೇಲೆ ‘ಯಾರೂ ಬೀಳದ ದಿನಗಳು’ ಅಂತ ಬರೆದು, ಕೆಳಗೆ ಅಂಕಿಯ ರಟ್ಟು ತೂಗುಹಾಕಲು ಮೊಳೆ ಹೊಡೆಸಿದ್ದರು. ಭಾವ ದಿನಾ ಬೀಳುತ್ತಿದ್ದರಲ್ಲ ಅಂತ ನೀವು ಕೇಳಬಹುದು. ದೊಪ್ಪಣ್ಣ ಬೀಳುವುದು ಲೆಕ್ಕಕ್ಕಿಲ್ಲ. ನಮ್ಮ ಪಾಲಿನದನ್ನೆಲ್ಲ ಅವರೊಬ್ಬರೇ ಬೀಳುತ್ತಿದ್ದರು, ನಾವು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ.

ನಿಜ ಹೇಳಬೇಕೆಂದರೆ ಅವರು ಬೀಳುವುದು ನೋಡಲು ಚೆನ್ನಾಗಿರುತ್ತಿತ್ತು. ಮೊದಲು ಹೆಗಲು ಸಡಿಲವಾಗುತ್ತಿತ್ತು, ಆಮೇಲೆ ಎರಡೂ ಕೈ ಮೆಲ್ಲಗೆ ಪಕ್ಕಕ್ಕೆ ಹೋಗುತ್ತಿದ್ದವು, ಆಮೇಲೆ ಅಕ್ಕಿ ಮೂಟೆ ಇಳಿಸಿದ ಹಾಗೆ ಕೂತುಬಿಡುತ್ತಿದ್ದರು. ಅಕ್ಕ ಹಳೆ ಕಂಬಳಿ ನಾಲ್ಕು ಮಡಿಕೆ ಮಾಡಿ ಹೊಲಿದ ಒಂದು ದಿಂಡು ಅವರ ಪ್ಯಾಂಟಿನ ಹಿಂದೆ ಇರುತ್ತಿತ್ತು. ಸಂಜೆ ಮನೆಗೆ ಬಂದರೆ ಅಕ್ಕ ಬೈಯುತ್ತ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು. ನಮ್ಮ ಮನೆ ಅವರ ಮನೆಯ ಹಿಂದಿನದೇ. ಗೋಡೆಯಾಚೆಯಿಂದ ಬೈಗುಳ ಕೇಳಿದರೆ ಎಣ್ಣೆ ಹಚ್ಚುತ್ತಿದ್ದಾಳೆ ಅಂತಲೇ ಅರ್ಥ.

ಐವತ್ತೈದು ದಾಟಿದ ಮೇಲೆ ಭಾವ ಎದ್ದು ನಿಲ್ಲುವುದು ನಿಧಾನವಾಯಿತು. ಒಂದು ದಿನ ಡಾಕ್ಟರು ಸೊಂಟದ ಫೋಟೋ ಬೆಳಕಿಗೆ ಹಿಡಿದು ನೋಡಿ, “ಮೂಳೆ ತುಂಬಾ ಸವೆದಿದೆ. ಇನ್ನೊಂದು ಸಲ ಜೋರಾಗಿ ಬಿದ್ರೆ ಎದ್ದು ನಡೀತೀರ ಅಂತ ನಾನು ಹೇಳಲಾರೆ” ಅಂದರು. ಅಕ್ಕನೂ ಜೊತೆಗಿದ್ದಳು. ಮನೆಗೆ ಬಂದವಳೇ ಗಂಡನನ್ನು ಎದುರಿಗೆ ಕೂರಿಸಿಕೊಂಡಳು.

“ರೀ, ಇನ್ಮೇಲೆ ಬೀಳಲ್ಲ ಅಂತ ನಂಗೆ ಮಾತು ಕೊಡಿ.”

“ಬೀಳೋದೇ ನನ್ನ ಕೆಲಸ ಕಣೇ. ಬೀಳ್ದೇ ಇದ್ರೆ ನನ್ನ ಕರ್ಕೊಂಡು ಹೋಗಿ ಗೇಟಿನ ಹತ್ರ ಸ್ಟೂಲ್ ಮೇಲೆ ಕೂರಿಸ್ತಾರೆ.”

“ಕೂರಿಸ್ಲಿ. ಮೂಲೇಲಿ ಮಲಗೋದಕ್ಕಿಂತ ಸ್ಟೂಲೇ ವಾಸಿ. ಮಾತು ಕೊಡಿ.”

“ಸರಿ, ಕೊಟ್ಟೆ” ಅಂದರು ಭಾವ. ನನಗೆ ನಗು ಬಂತು. ಜಾರುವ ನೆಲದಲ್ಲಿ ನಡೆಯುವವನು ಬೀಳುವುದಿಲ್ಲ ಅಂತ ಮಾತು ಕೊಟ್ಟರೆ ನೆಲ ಕೇಳಬೇಕಲ್ಲ! ಅಕ್ಕನಿಗೂ ಆ ಮಾತಿನ ಮೇಲೆ ಭರವಸೆ ಇರಲಿಲ್ಲ. ಆ ಭಾನುವಾರ ಭಾವ ನಿದ್ದೆ ಹೊಡೆಯುತ್ತಿದ್ದಾಗ ಅವರ ಚಪ್ಪಲಿ ನನ್ನ ಕೈಗೆ ಕೊಟ್ಟು, “ಮೂಲೆ ಅಂಗಡಿಯ ಚಪ್ಪಲಿ ಹೊಲಿಯೋನ ಹತ್ರ ಹೋಗಿ ಅಡಿಗೆ ಟೈರಿನ ರಬ್ಬರು ಹಾಕಿಸ್ಕೊಂಡು ಬಾ. ಇವ್ರಿಗೆ ಹೇಳ್ಬೇಡ” ಅಂದಳು. ನಾನು ಹಾಕಿಸಿಕೊಂಡು ಬಂದೆ. ಎಂಥ ರಬ್ಬರು ಅಂದರೆ, ಗಾಜಿನ ಮೇಲೆ ಇಟ್ಟರೂ ಕದಲುತ್ತಿರಲಿಲ್ಲ.

ಮಾರನೆಯ ದಿನ ದೊಪ್ ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ವಾರವಾಯಿತು, ತಿಂಗಳಾಯಿತು, ಲಾಂಡ್ರಿಯಲ್ಲಿ ದೊಪ್ ಅನ್ನುವ ಸದ್ದೇ ನಿಂತುಹೋಯಿತು. ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಸಿಮುಸಿ ನಕ್ಕೆವು. ಲಾಂಡ್ರಿಯವರಂತೂ ನೆಲ ಕೊನೆಗೂ ಸರಿಹೋಯಿತು ಅಂತ ತೀರ್ಮಾನಿಸಿದರು. ಸಾವಕಾಶಣ್ಣ ಬೆಂಚಿನ ಮೇಲೆ ಕೂತು ಕೂತು ಎರಡು ಸುತ್ತು ದಪ್ಪಗಾದ. ಬಕೆಟ್ಟಿನೊಳಗೆ ಜೇಡ ಬಲೆ ಕಟ್ಟಿತು.

ಭಾವ ಮಾತ್ರ ಖುಷಿಯಾಗಿರಲಿಲ್ಲ. ದಿನಾ ಸುತ್ತು ಬರೆಯುತ್ತಲೇ ಇದ್ದರು. ಬರೆದು ಹೊರಗೆ ಬಂದು, “ಮೂರನೇ ಮೆಷಿನ್ ಮುಂದೆ ಸೋಪು ತೊಟ್ಟಿಕ್ತಿದೆ. ಬಂದು ಒರ್ಸು, ರಿಪೇರಿಯವನಿಗೂ ಹೇಳು” ಅನ್ನುತ್ತಿದ್ದರು.

“ಬಿದ್ಯಾ ಅಣ್ಣ?” ಅನ್ನುತ್ತಿದ್ದ ಸಾವಕಾಶಣ್ಣ.

“ಇಲ್ಲ.”

“ಮತ್ತೇನು ಅವಸರ? ಸಾವಕಾಶವಾಗಿ ಮಾಡೋಣ.”

ಮೇಡಂ ಹತ್ತಿರ ಹೋಗಿ ಹೇಳಿದರು. ಅವರೂ ಕಾಗದದಿಂದ ತಲೆ ಎತ್ತದೆ, “ಬಿದ್ರಾ ದೊಪ್ಪಣ್ಣ? ಇಲ್ವಾ? ಹಾಗಾದ್ರೆ ನೋಡೋಣ” ಅಂದರು. ಒಂದು ದಿನ ನನ್ನ ಮೇಜಿನ ಹತ್ತಿರವೂ ಬಂದರು. “ಮೂರನೇ ಮೆಷಿನ್ ಹತ್ರ ಹುಷಾರು ಕಣಮ್ಮ, ಅಲ್ಲಿ ಸರಿಯಿಲ್ಲ” ಅಂದರು. ನಾನು ಟವೆಲ್ಲು ಮಡಚುತ್ತ, “ನೀವು ಬಿದ್ರಾ ಭಾವ?” ಅಂತ ಕೇಳಿದೆ. “ಇಲ್ಲಮ್ಮ” ಅಂದರು. “ಮತ್ತೆ?” ಅಂದೆ. ಅವರು ಹೋಗಿ, ಸವೆದ ಸೊಂಟ ಬಗ್ಗಿಸಿಕೊಂಡು ಒಂದು ಹಳೆ ಬಟ್ಟೆಯಲ್ಲಿ ತಾವೇ ಆ ಜಾಗ ಒರೆಸಿದರು. ಒರೆಸಿದ ಅರ್ಧ ಗಂಟೆಗೆ ಅಲ್ಲಿ ಮತ್ತೆ ಸೋಪು.

ಅಷ್ಟರಲ್ಲಿ ಹಲಗೆಯ ಮೇಲಿನ ಅಂಕಿ ಸಾವಿರದ ಹತ್ತಿರ ಬಂತು. ಮೇಡಂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಾವಿರನೇ ದಿನ ಮೂರೂ ಆಸ್ಪತ್ರೆಗಳಿಂದ ದೊಡ್ಡವರನ್ನು ಕರೆಸಿ, ಅವರೆದುರು ಅಂಕಿ ಬದಲಿಸಿ, ಭಾವನಿಗೆ ಒಂದು ಗೋಡೆ ಗಡಿಯಾರ ಕೊಡುವುದು ಅಂತ ಏರ್ಪಾಡಾಯಿತು. ಆ ಬೆಳಿಗ್ಗೆಯೂ ಭಾವ ನಡೆದರು, ಸುತ್ತು ಬರೆದರು, ಹೇಳಿದರು. ಹತ್ತು ಗಂಟೆಗೆ ದೊಡ್ಡವರು ಬಂದರು. ಯಂತ್ರಗಳನ್ನೆಲ್ಲ ನಿಲ್ಲಿಸಿ ನಾವು ಎರಡು ಸಾಲಾಗಿ ನಿಂತೆವು.

ಒಂದರ ರಟ್ಟು ಒಂದು, ಸೊನ್ನೆಯದ್ದು ಮೂರು, ಹೀಗೆ ನಾಲ್ಕು ರಟ್ಟು ಕೈಯಲ್ಲಿ ಹಿಡಿದುಕೊಂಡು ಮೇಡಂ ಮೂರನೇ ಯಂತ್ರದ ಮುಂದಿನಿಂದ ಹಲಗೆಯ ಕಡೆಗೆ ನಡೆದರು. ಮುಖದಲ್ಲಿ ನಗು ಹಾಗೇ ಇತ್ತು, ಕಾಲು ಮಾತ್ರ ಮುಂದಕ್ಕೆ ಹೋಯಿತು. ಕೂತರು ಅನ್ನಬೇಕೋ ಬಿದ್ದರು ಅನ್ನಬೇಕೋ ತಿಳಿಯಲಿಲ್ಲ, ದೊಪ್ ಅಂತೂ ಕೇಳಿತು. ಎರಡು ತಿಂಗಳ ನಂತರ ಆ ಸದ್ದು ಕೇಳಿ ಸಾವಕಾಶಣ್ಣ ಅಭ್ಯಾಸಬಲದಿಂದ ಬಕೆಟ್ಟಿಗೆ ಓಡಿದ. ರಟ್ಟುಗಳು ಹಾರಿದವು. ಒಂದರ ರಟ್ಟು ಯಂತ್ರದಡಿಗೆ ಹೋಗಿ ಸೇರಿತು. ಮೇಡಂ ಮಡಿಲಲ್ಲಿ ಉಳಿದದ್ದು ಮೂರು ಸೊನ್ನೆ. ನಗಬಾರದು ಅಂತ ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಬಲಗೈ ಮಣಿಕಟ್ಟು ಊದಿತ್ತು. ಅದಕ್ಕೆ ಒದ್ದೆ ಟವೆಲ್ಲು ಸುತ್ತಿಕೊಂಡು, ದೊಡ್ಡವರ ಮುಂದೆ ಮಾನ ಹೋದ ಸಿಟ್ಟಿನಲ್ಲಿ ಮೇಡಂ ಭಾವನನ್ನು ಕರೆದರು.

“ದೊಪ್ಪಣ್ಣ, ಬೆಳಿಗ್ಗೆ ನಡೆದ್ರಾ?”

“ನಡೆದೆ ಮೇಡಂ.”

“ಇಲ್ಲಿ?”

“ಇಲ್ಲೂ ನಡೆದೆ. ಸುತ್ತು ಬರೆದಿದ್ದೆ.”

“ಎಲ್ಲಿದೆ ಸುತ್ತು?”

ನೆಲದ ಮೇಲೆ ಸುತ್ತು ಇರಲಿಲ್ಲ. ಸಾವಕಾಶಣ್ಣ ಛಾವಣಿಯ ಫ್ಯಾನು ನೋಡತೊಡಗಿದ. ಸಾಲಿನಲ್ಲಿ ಪಿಸುಪಿಸು ಶುರುವಾಯಿತು. ಎರಡು ತಿಂಗಳಿಂದ ಸದ್ದೇ ಇಲ್ವಲ್ಲ ಅಂತ ಒಬ್ಬಳು. ನಡೆದಿದ್ರೆ ತಾನೇ ಬೀಳೋದು ಅಂತ ಇನ್ನೊಬ್ಬಳು. ಎಲ್ಲೋ ಕೂತು ಚಹಾ ಕುಡ್ಕೊಂಡು ಹೋಗ್ತಿದ್ರು ಅನ್ಸುತ್ತೆ ಅಂತ ಮತ್ತೊಬ್ಬಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ಹೊತ್ತು ತಲೆ ತಗ್ಗಿಸಿಕೊಂಡೆ. ಟೈರಿನ ರಬ್ಬರು ಹಾಕಿಸಿದವಳು ನಾನಲ್ಲವೇ? ಬೀಳುವ ಮನುಷ್ಯನ ಕಾಲಿಗೆ ಬೀಳದ ಚಪ್ಪಲಿ ಹಾಕಿ, ಆ ಮನುಷ್ಯನನ್ನು ನಂಬಿದ್ದ ನಲವತ್ತು ಜನರ ಕಾಲಿಗೆ ಕೊಡಲಿ ಹಾಕಿದ್ದೆ.

“ಹನ್ನೆರಡು ವರ್ಷ ನಂಬಿದ್ದೆ ನಿಮ್ಮನ್ನ. ನಾಳೆಯಿಂದ ಗೇಟ್ ಹತ್ರ ಕೂತ್ಕೊಳ್ಳಿ” ಅಂದರು ಮೇಡಂ.

ಭಾವನ ಮುಖ ನಾನು ಹಾಗೆ ಎಂದೂ ನೋಡಿರಲಿಲ್ಲ. ಬಿದ್ದಾಗ ನಕ್ಕವರ ಜೊತೆ ತಾವೂ ನಗುತ್ತಿದ್ದ ಮನುಷ್ಯ, ಈಗ ಬಿಳುಚಿಕೊಂಡು ನಿಂತಿದ್ದರು. “ನಾನು ನಡೆದಿಲ್ಲ ಅಂತೀರಾ ಮೇಡಂ? ಇರ್ಲಿ, ಈಗ ಎಲ್ಲರೆದುರಿಗೇ ನಡೀತೀನಿ” ಅಂದವರೇ ಮೂರನೇ ಯಂತ್ರದ ಕಡೆ ಹೆಜ್ಜೆ ಹಾಕಿದರು. ಸೋಪಿನ ಆ ಜಾಗದ ಮೇಲೆ ಕಾಲಿಟ್ಟರು. ಅವರ ಹೆಗಲು ಸಡಿಲವಾಯಿತು. ಎರಡೂ ಕೈ ಮೆಲ್ಲಗೆ ಪಕ್ಕಕ್ಕೆ ಹೋದವು.

ಆ ದಿನ ದಿಂಡೂ ಇರಲಿಲ್ಲ. ಗಡಿಯಾರ ಕೊಡುವಾಗ ಪ್ಯಾಂಟು ಚೆನ್ನಾಗಿ ಕಾಣಲಿ ಅಂತ ಅಕ್ಕ ಬಿಚ್ಚಿಟ್ಟಿದ್ದಳು.

“ಬೀಳ್ಬೇಡಿ ಭಾವ!” ಅಂತ ಕಿರುಚಿದೆ. “ಡಾಕ್ಟ್ರು ಏನಂದ್ರು ನೆನಪಿಲ್ವಾ! ತಪ್ಪು ನಂದು ಮೇಡಂ, ಇವರ ಚಪ್ಪಲಿಗೆ ಟೈರಿನ ರಬ್ಬರು ಹಾಕಿಸಿದ್ದೀನಿ. ಅದಕ್ಕೇ ಇವ್ರು ಜಾರ್ತಿಲ್ಲ. ಅಕ್ಕ ಹಾಕ್ಸು ಅಂದ್ಲು, ನಾನು ಹಾಕಿಸ್ದೆ. ಬೇಕಾದ್ರೆ ನನ್ನ ಗೇಟಲ್ಲಿ ಕೂರ್ಸಿ!”

ಭಾವನ ಕೈ ಗಾಳಿಯಲ್ಲೇ ನಿಂತವು. ಎಲ್ಲರೂ ನನ್ನನ್ನು ನೋಡಿದರು. ಮೇಡಂ, “ಚಪ್ಪಲಿ ತೋರಿಸಿ” ಅಂದರು. ಭಾವ ಪಕ್ಕದ ಕಂಬ ಹಿಡಿದುಕೊಂಡು ಒಂದು ಕಾಲು ಎತ್ತಿ ಅಡಿ ತೋರಿಸಿದರು. ಅಡಿ ಊಟದ ತಟ್ಟೆಯ ಹಾಗೆ ನುಣ್ಣಗಿತ್ತು. ರಬ್ಬರೂ ಇಲ್ಲ, ಟೈರೂ ಇಲ್ಲ. ಕಿತ್ತುಹೋಗುವ ಹಾಗೆ ಅಂಟಿಸಿದ್ದಾನೆ ಅಂತ ಚಪ್ಪಲಿ ಹೊಲಿಯುವವನಿಗೆ ನಾನು ಮನಸ್ಸಿನಲ್ಲೇ ಶಾಪ ಹಾಕತೊಡಗಿದೆ.

“ಅದು ಲಾಕರಲ್ಲಿದೆ ಕಣಮ್ಮ” ಅಂದರು ಭಾವ. “ದಾರೀಲಿ ಅದನ್ನ ಹಾಕ್ಕೊಂಡು ಬರ್ತೀನಿ, ಚೆನ್ನಾಗಿದೆ. ಒಳಗೆ ಬಂದ್ಮೇಲೆ ಇದು, ಅದಕ್ಕೂ ಹಿಂದಿನ ಸವೆದ ಜೋಡಿ. ಇಷ್ಟು ವರ್ಷ ಕಾಲಿಂದಾನೇ ಕೆಲಸ ಮಾಡಿದೋನು ನಾನು. ಕಾಲ್ಕೆಳಗೆ ಹೊಸದಾಗಿ ಏನು ಬಂದಿದೆ ಅಂತ ಗೊತ್ತಾಗಲ್ವಾ?”

“ಇದನ್ನ ಹಾಕ್ಕೊಂಡೇ ದಿನಾ ನಡೆದ್ರಾ?” ಮೇಡಂ ಧ್ವನಿ ಬದಲಾಗಿತ್ತು. “ಮತ್ತೆ ಹೇಗೆ ಬೀಳ್ತಿಲ್ಲ?”

“ನೋಡ್ಕೊಂಡು ನಡೀತೀನಿ ಮೇಡಂ.”

“ಹಾಗಾದ್ರೆ ಇಷ್ಟು ವರ್ಷ ಯಾಕೆ ಬಿದ್ರಿ?”

ಭಾವ ಕಾಲು ಕೆಳಗಿಟ್ಟು ನೆಲ ನೋಡಿದರು. ಕದ್ದ ಮಾಲಿನ ಜೊತೆ ಸಿಕ್ಕಿಬಿದ್ದವರ ಹಾಗಿತ್ತು ಅವರ ಮುಖ.

“ಮೊದಮೊದಲು ನಿಜವಾಗ್ಲೂ ಬೀಳ್ತಿದ್ದೆ. ಬಿದ್ದೂ ಬಿದ್ದೂ ನೆಲ ಪರಿಚಯ ಆಯ್ತು. ಎಲ್ಲಿ ನೀರು ನಿಲ್ಲುತ್ತೆ, ಎಲ್ಲಿ ಸೋಪು ಇಳಿಯುತ್ತೆ, ಎಲ್ಲಿ ಬೆಳಕು ಸಾಲಲ್ಲ, ದೂರದಿಂದ ನೋಡಿದ್ರೇ ಗೊತ್ತಾಗೋದು. ಬೀಳೋ ಅವಶ್ಯಕತೆಯೇ ಇರ್ಲಿಲ್ಲ. ಹೇಳಿ ನೋಡಿದೆ. ನೀವು ಬರೋಕೆ ಮೊದಲು ಇದ್ದವರಿಗೂ ಹೇಳ್ದೆ, ನಿಮಗೂ ಹೇಳ್ದೆ. ಆ ಹಳದಿ ಬೋರ್ಡು ದಾರಿಗಡ್ಡ ಇದೆ ಅಂತ ಎರಡು ಸಲ ಹೇಳಿದ್ದೆ ಮೇಡಂ. ಮೂರನೇ ಸಲ ಎಡವಿ ಬಿದ್ದೆ, ಅವತ್ತೇ ಎತ್ತಿಸಿದ್ರಿ. ಹೇಳಿದ್ರೆ ಯಾರು ಒರೆಸ್ತಾರೆ? ದೊಪ್ ಅಂದ್ರೆ ತಾನೇ ಬಕೆಟ್ ಬರೋದು? ಅದಕ್ಕೇ ಬೀಳ್ತಿದ್ದೆ. ಈಗ ಮನೇಲಿ ಮಾತು ಕೊಟ್ಟಿದ್ದೀನಿ. ಬರೀ ಹೇಳ್ದೆ.”

ಯಂತ್ರಗಳು ನಿಂತಿದ್ದವಲ್ಲ, ಮೂರನೇ ಯಂತ್ರದ ಪೈಪಿನಿಂದ ಸೋಪು ತೊಟ್ಟಿಕ್ಕುವ ಸದ್ದು ಸ್ಪಷ್ಟವಾಗಿ ಕೇಳಿತು. ನನಗೆ ನಾಚಿಕೆಯಾಯಿತು. ಅವತ್ತು ನನ್ನ ಬಾಯಿಂದಲೇ ಬಂದಿದ್ದ ಆ ‘ನೀವು ಬಿದ್ರಾ’ ಅನ್ನುವ ಮಾತು ಕಿವಿಯಲ್ಲಿ ಗುಯ್‌ಗುಡುತ್ತಿತ್ತು. ನನ್ನ ಭಾವ ನನ್ನ ಮೇಜಿನ ಹತ್ತಿರ ಬಂದು ಬಾಯಿಬಿಟ್ಟು ಹೇಳಿದ್ದರು, ನಾನು ಟವೆಲ್ಲು ಮಡಚುತ್ತಿದ್ದೆ.

“ಸುತ್ತು ನಾನೇ ಅಳಿಸ್ದೆ” ಅಂದ ಸಾವಕಾಶಣ್ಣ, ಫ್ಯಾನಿನಿಂದ ಕಣ್ಣು ಇಳಿಸಿ. “ದೊಡ್ಡವ್ರು ಬರ್ತಾರೆ, ನೆಲ ಚೊಕ್ಕಟವಾಗಿ ಕಾಣ್ಲಿ ಅಂತ ಕಾಲಲ್ಲಿ ಉಜ್ಜಿಬಿಟ್ಟೆ. ಸೋಪು ಕಾಣಲ್ವಲ್ಲ, ಸುತ್ತು ತಾನೇ ಕಾಣೋದು.” ಅಷ್ಟು ಹೇಳಿ, ಯಾರೂ ಹೇಳದೆ, ಸಾವಕಾಶವಿಲ್ಲದೆ, ಬಕೆಟ್ ತಂದು ಮಂಡಿಯೂರಿದ. ಅವನ ಜೀವನದಲ್ಲಿ ಅದು ಮೊದಲ ಸಲ ಇರಬೇಕು.

ಮೇಡಂ ಕುರ್ಚಿಯಿಂದ ಎದ್ದರು. ಭಾವನ ಜೇಬಿನಿಂದ ತಾವೇ ಚಾಕ್‌ಪೀಸು ತೆಗೆದುಕೊಂಡು, ಬಗ್ಗಿ, ಎಡಗೈಯಲ್ಲಿ ಸೊಟ್ಟಗೆ ಒಂದು ಸುತ್ತು ಬರೆದರು. ಆಮೇಲೆ ಒಂದು ಸೊನ್ನೆ ತೆಗೆದುಕೊಂಡು, ಈ ಸಲ ನೋಡಿಕೊಂಡು ನಡೆದು, ಹಲಗೆಯ ಮೊಳೆಗೆ ತೂಗುಹಾಕಿದರು. “ಇನ್ನು ಮುಂದೆ ದೊಪ್ಪಣ್ಣ ‘ಇಲ್ಲಿ’ ಅಂದ್ರೆ ಬಿದ್ದ ಹಾಗೇ ಲೆಕ್ಕ” ಅಂದರು. ಗಡಿಯಾರವನ್ನೂ ಕೊಟ್ಟರು. ಟೈರಿನ ಚಪ್ಪಲಿಯನ್ನು ಲಾಕರಿನಿಂದ ತರಿಸಿ ತಿರುಗಿಸಿ ಮುರುಗಿಸಿ ನೋಡಿ, ಅಂಥದ್ದು ನಲವತ್ತು ಜೋಡಿ ಮಾಡಿಸಿಕೊಡಲು ನನಗೇ ಹೇಳಿದರು. ಮೂಲೆಯ ಚಪ್ಪಲಿ ಹೊಲಿಯುವವನು ನನ್ನನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾನೆ.

ಸಂಜೆ ಮನೆಗೆ ನಡೆಯುವಾಗ ಭಾವ, “ನಾನು ಬೀಳೋಕೆ ಹೊರಟಿದ್ದೆ ಅಂತ ನಿಮ್ಮಕ್ಕಂಗೆ ಹೇಳ್ಬೇಡ ಕಣಮ್ಮ” ಅಂತ ಕೇಳಿಕೊಂಡರು. ಆಗಲಿ ಅಂದೆ. ಬಾಗಿಲು ತೆರೆದ ತಕ್ಷಣ ಹೇಳಿಬಿಟ್ಟೆ. ಎಲ್ಲವನ್ನೂ ಹೇಳಿದೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ಗೊತ್ತಿದ್ದೂ ಅವರು ಕೇಳಿದ್ದು ಅವರ ತಪ್ಪು.

ಅಕ್ಕನ ಮುಖ ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು. “ಅಂದ್ರೆ ಬೇಕಂತಲೇ ಬೀಳ್ತಿದ್ರಾ? ಹನ್ನೆರಡು ವರ್ಷ ದಿನಾ ಬೆನ್ನಿಗೆ ಎಣ್ಣೆ ಹಚ್ಚಿದ್ದೀನ್ರೀ ನಾನು! ಕಂಬಳಿ ಹೊಲಿದು ದಿಂಡು ಮಾಡಿದ್ದೀನಿ! ಏನಾದ್ರೂ ಆಗಿದ್ರೆ? ಇವತ್ತು ಇವಳು ಕೂಗ್ದೇ ಇದ್ದಿದ್ರೆ?”

“ಸುಳ್ಳುಗಾರ ಅಂದ್ರು ಕಣೇ. ತಡ್ಕೊಳ್ಳೋಕೆ ಆಗ್ಲಿಲ್ಲ” ಅಂದರು ಭಾವ.

ಅಕ್ಕ ದಿಂಡು ಎತ್ತಿಕೊಂಡು ಬೀಸಿ ಒಗೆಯಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಏನೋ ನೆನಪಾದ ಹಾಗೆ ಗಂಡನನ್ನು ನೋಡಿದಳು.

“ರೀ. ಆ ಟ್ರಾಲಿ?”

ಭಾವ ಹೊಸ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು ಅದರ ಮುಳ್ಳುಗಳನ್ನು ತುಂಬ ಆಸಕ್ತಿಯಿಂದ ನೋಡುತ್ತಿದ್ದರು.

“ನಿಮ್ಮನ್ನೇ ಕೇಳ್ತಿರೋದು. ಅವತ್ತು ಕಾಲು ಜಾರಿ ಬಿದ್ರಾ, ಇಲ್ಲಾ ಅದೂ ಬೇಕಂತಲೇನಾ?”

“ಅದಕ್ಕೆ ಮೊದಲು ಮೂರು ದಿನ ನಿನ್ನ ಪಕ್ಕದಲ್ಲೇ ನಡ್ಕೊಂಡು ಬಂದು ಮಾತಾಡ್ಸಿದ್ದೆ ಕಣೇ” ಅಂದರು ಭಾವ, ಗಡಿಯಾರಕ್ಕೆ ಹೇಳುವವರ ಹಾಗೆ. “ನಿನ್ನ ಮದುವೆ ಆಗ್ಬೇಕು ಅಂತಾನೂ ಹೇಳ್ದೆ, ಎರಡು ಸಲ. ನೀನು ತಿರುಗಿ ಕೂಡ ನೋಡ್ಲಿಲ್ಲ.”

“ಕಿವೀಲಿ ಹತ್ತಿ ಇತ್ತು!”

“ಅದು ನಂಗೇನು ಗೊತ್ತು? ಬೇಕಂತ ಬಿದ್ದಿದ್ದು ಅದೇ ಮೊದಲು. ಕೆಲಸ ಆಯ್ತಲ್ಲ, ಆಮೇಲೂ ಅದನ್ನೇ ಮುಂದುವರಿಸ್ದೆ.”

ಅಕ್ಕ ಎತ್ತಿದ ಕೈ ಇಳಿಸಿದಳು. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಆಮೇಲೆ ಅವಳು ಆ ದಿಂಡನ್ನು ಭಾವನ ಸೊಂಟದ ಹಿಂದೆ, ಕುರ್ಚಿಗೆ ಆನಿಸಿ, ಸರಿಯಾಗಿ ಒತ್ತಿ ಇಟ್ಟಳು. ಇಟ್ಟು ಎಣ್ಣೆ ಬಾಟಲಿ ತರಲು ಒಳಗೆ ಹೊರಟವಳು ಬಾಗಿಲಲ್ಲಿ ನಿಂತಳು.

“ಇನ್ಮೇಲೆ ಏನಿದ್ರೂ ಬಾಯಲ್ಲಿ ಹೇಳಿ. ಈಗ ಹತ್ತಿ ಇಲ್ಲ.”